ನಿಲ್ಲಿಸಿದವರೇ ಬಿಡಬೇಕು

ನಮ್ಮ ಯಾರ್ಡಿನಲ್ಲಿ ಅವಳಿಗೆ ಮೇಲಿನಕ್ಕ ಎಂದೇ ಹೆಸರು. ನೆಲದಿಂದ ಅರವತ್ತು ಅಡಿ ಎತ್ತರದಲ್ಲಿ ಹಳಿಗಳ ಮೇಲೆ ಓಡಾಡುವ ಕ್ರೇನು, ಅದರ ಹೊಟ್ಟೆಗೆ ತಗುಲಿಹಾಕಿದ ಒಂದು ಗಾಜಿನ ಕ್ಯಾಬಿನ್ನು. ಅದರೊಳಗೆ ಕೂತು ಉಕ್ಕಿನ ಕೊಳವೆಗಳ ಕಂತೆಗಳನ್ನು ಎತ್ತಿ ಲಾರಿಗೆ ಇಳಿಸುವ ಕೆಲಸವನ್ನು ಹನ್ನೆರಡು ವರ್ಷ ಮಾಡಿದ್ದಾಳೆ. ಅವಳ ಗಂಡ ಅದೇ ಯಾರ್ಡಿನಲ್ಲಿ ನೆಲದ ಮೇಲೆ ನಿಂತು ಸನ್ನೆ ಕೊಡುವವನು. ಕೆಳಗಿನ ಮಾತು ಮೇಲಿದ್ದವರಿಗೆ ಕೇಳಿಸುವುದಿಲ್ಲ. ಎತ್ತು, ಇಳಿಸು, ನಿಧಾನ, ನಿಲ್ಲಿಸು ಎಲ್ಲವನ್ನೂ ಕೈಯಲ್ಲೇ ಹೇಳಬೇಕು. ಮೂರು ವರ್ಷ ಕೈ ಬೀಸಿ ಬೀಸಿ ಕೊನೆಗೂ ಅವಳನ್ನು ಕೆಳಗಿಳಿಸಿಕೊಂಡ ಎಂದು ಅವರ ಮದುವೆಯಲ್ಲಿ ನಗಾಡಿದವರಲ್ಲಿ ನಾನೂ ಒಬ್ಬ.

ಎರಡನೇ ಮಹಡಿಯಲ್ಲಿ ಒಂದೂವರೆ ಕೋಣೆಯ ಮನೆ ಅವರದು. ಮೊದಲ ಮಗಳು ಚಮಚ ಬಿದ್ದರೂ ಎದ್ದು ಊರು ಕೇಳುವಂತೆ ಕಿರುಚುವ ಜಾತಿ. ಅವಳು ಮಲಗಿದಾಗ ಗಂಡ ಹೆಂಡತಿ ಉಸಿರು ಬಿಡಲೂ ಹೆದರುತ್ತಿದ್ದರು. ಹಾಗಾಗಿ ಯಾರ್ಡಿನ ಸನ್ನೆಗಳೇ ಮನೆಗೆ ಬಂದವು. ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು ತೋರುಬೆರಳನ್ನು ಮೇಲೆ ಮಾಡಿ ತಿರುಗಿಸಿದರೆ ಸ್ಟವ್ ಏರಿಸು ಎಂದು ಅರ್ಥ. ಬೆರಳು ಕೆಳಗೆ ಮಾಡಿ ತಿರುಗಿಸಿದರೆ ಮಗುವನ್ನು ಹಾಸಿಗೆಗೆ ಇಳಿಸು. ಎರಡೂ ತೋಳು ಅಗಲಿಸಿ ಅಂಗೈ ಕೆಳಗೆ ಮಾಡಿ ಬೆದರುಗೊಂಬೆಯ ಹಾಗೆ ನಿಂತರೆ ಎಲ್ಲಿದೆಯೋ ಅಲ್ಲೇ ನಿಲ್ಲಿಸು.

ಮಗಳಿಗೆ ಈಗ ನಾಲ್ಕು ವರ್ಷ. ಮಾತು ಬರುವ ಮೊದಲೇ ಸನ್ನೆ ಬಂದ ಹುಡುಗಿ. ಮನೆಯಲ್ಲಿ ಅವಳನ್ನು ಮೇಸ್ತ್ರಮ್ಮ ಎನ್ನುತ್ತಾರೆ.

ಯಾರ್ಡಿನಲ್ಲೊಂದು ನಿಯಮವಿದೆ. ಉಳಿದ ಸನ್ನೆಗಳನ್ನು ಸನ್ನೆಯವನೇ ಕೊಡಬೇಕು. ‘ನಿಲ್ಲಿಸು’ ಎಂಬುದನ್ನು ಮಾತ್ರ ಯಾರು ಕೊಟ್ಟರೂ ಕ್ರೇನು ನಿಲ್ಲಬೇಕು. ಕಸ ಗುಡಿಸುವವರು ಕೊಟ್ಟರೂ, ಲಾರಿಯ ಕ್ಲೀನರ್ ಕೊಟ್ಟರೂ ಅಷ್ಟೆ. ಕಾರಣ ಆಮೇಲೆ ಕೇಳುವುದು. ಹಾಗೆ ನಿಂತ ಕ್ರೇನನ್ನು ಮತ್ತೆ ಹೊರಡಿಸುವ ಹಕ್ಕು ನಿಲ್ಲಿಸಿದವರಿಗೆ ಮಾತ್ರ. ಈ ನಿಯಮ ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟದ್ದಲ್ಲ. ಹಗ್ಗದ ಸ್ಟೋರು ನೋಡಿಕೊಳ್ಳುವ ಅಜ್ಜನ ಬಲಗೈಯ ಮೂರು ಬೆರಳು ಕಂತೆಯ ಅಡಿಗೆ ಹೋದ ದಿನ, ಪಕ್ಕದಲ್ಲಿದ್ದ ಹೆಂಗಸು ಕೈ ಬೀಸಿ ಬೀಸಿ ಕೂಗಿದ್ದಳು. ಅವಳು ಸನ್ನೆಯವಳಲ್ಲ ಎಂದು ಕ್ರೇನು ನಿಲ್ಲಲಿಲ್ಲ. ಅದಾದ ಮೇಲೆ ಹನ್ನೊಂದು ದಿನ ಗೇಟಿನ ಮುಂದೆ ಕೂತೆವು. ಹನ್ನೆರಡನೇ ದಿನ ಈ ನಿಯಮ ಬರೆದ ಬೋರ್ಡು ಗೋಡೆಗೆ ಬಂತು.

ಇದೇ ಕಾನೂನು ಮನೆಗೂ ಬಂದಿತ್ತು. ಮುಖ ತೊಳೆಯುವಾಗ ಮೇಸ್ತ್ರಮ್ಮ ತೋಳು ಅಗಲಿಸಿದಳು ಎಂದರೆ ಅಮ್ಮ ತುಂಬಿದ ಮಗ್ಗನ್ನು ಗಾಳಿಯಲ್ಲಿ ಹಿಡಿದು ಕಂಬದಂತೆ ನಿಲ್ಲಬೇಕು.

"ಇನ್ನೂ ಎಷ್ಟೊತ್ತೇ? ಕೈ ನೋಯ್ತಿದೆ ನಂಗೆ."

"ಸೋಪು ಕಣ್ಣಿಗೆ ಹೋಗಿದೆ. ನಾನು ಹೇಳೋವರ್ಗೂ ಇರು."

"ನಿಂಗೆ ಈ ಸನ್ನೆ ಕಲಿಸಿದ ನಿಮ್ಮಪ್ಪನ್ನ ತಂದು ಇಲ್ಲಿ ನಿಲ್ಲಿಸ್ಬೇಕು!"

ಎರಡನೆಯವನು ಹುಟ್ಟಿದಾಗ ಮೇಲಿನಕ್ಕನಿಗೆ ಏಳು ತಿಂಗಳ ರಜೆ ಸಿಕ್ಕಿತು. ಅದು ಮುಗಿದ ಮೇಲೆ ಅಪ್ಪನಿಗೆ ಎರಡು ತಿಂಗಳು. ಈ ಎರಡು ತಿಂಗಳನ್ನು ಕೇಳಲು ಹೋದಾಗ ಮೇಜಿನ ಆಚೆ ಕೂತವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ನಕ್ಕು ಸುಸ್ತಾಗಲಿ ಎಂದು ನಾವು ಕಾದೆವು. ಆಮೇಲೆ ಸಹಿ ಹಾಕಿಸಿಕೊಂಡು ಬಂದೆವು.

ಎರಡನೆಯವನು ಗುಂಡ. ಹೆಸರಿಗೆ ತಕ್ಕ ಹಾಗೆ ಉರುಟು. ಅಕ್ಕನಂತೆ ಕಿರುಚುವವನಲ್ಲ, ಆದರೆ ಇವನದು ಬೇರೆ ಹಟ: ನಿಂತು ತೂಗಿದರೆ ಮಾತ್ರ ನಿದ್ದೆ. ಕೂತು ತೂಗಿದರೆ ತಟ್ಟನೆ ಕಣ್ಣು ಬಿಟ್ಟು, ಮೋಸ ಹಿಡಿದ ಸಾಹುಕಾರನ ಹಾಗೆ ನೋಡುತ್ತಿದ್ದ. ಏಳು ತಿಂಗಳು ಮೇಲಿನಕ್ಕ ಅವನನ್ನು ಹೆಗಲಿಗೆ ಹಾಕಿಕೊಂಡು ಎಡಕ್ಕೊಂದು ಸಲ, ಬಲಕ್ಕೊಂದು ಸಲ ತೂಗಿದಳು. ಒಲೆಯ ಮುಂದೆ ತೂಗಿದಳು, ಕಿಟಕಿಯ ಮುಂದೆ ತೂಗಿದಳು. ಕೊನೆಕೊನೆಗೆ ಮಗು ಕೈಯಲ್ಲಿ ಇಲ್ಲದಿದ್ದರೂ ತೂಗುತ್ತಿದ್ದಳು. ಅಂಗಡಿಯ ಸಾಲಿನಲ್ಲಿ ಬರಿಗೈಯಲ್ಲಿ ನಿಂತು ಓಲಾಡುವುದನ್ನು ಕಂಡು ಹಿಂದಿದ್ದ ಹೆಂಗಸೊಬ್ಬಳು, ಬೆಳಗ್ಗೆ ಬೆಳಗ್ಗೆಯೇ ಕುಡಿದು ಬಂದಿದ್ದಾಳೆ ಎಂದುಕೊಂಡು ತನ್ನ ಚೀಲವನ್ನು ಆಚೆ ಎಳೆದುಕೊಂಡಳಂತೆ. ಅದನ್ನು ಮನೆಗೆ ಬಂದು ಹೇಳಿ ಅವಳೇ ನಕ್ಕಳು.

ಮನೆ ಚೆನ್ನಾಗಿತ್ತು. ಬಟ್ಟೆ ಒಣಗುವ ವಾಸನೆ, ಬಾಳೆಹಣ್ಣು ಅಂಟಿದ ನೆಲ, ಮಧ್ಯಾಹ್ನ ಇಬ್ಬರು ಮಕ್ಕಳೂ ಒಟ್ಟಿಗೆ ಮಲಗುವ ಇಪ್ಪತ್ತು ನಿಮಿಷ. ಆದರೆ ರಜೆಯ ಕೊನೆಯ ವಾರ ಅವಳ ತಲೆಯಲ್ಲಿ ಒಂದೇ ಒಂದು ಸುತ್ತುತ್ತಿತ್ತು. ಅದು ನೀರಿನ ಡ್ರಮ್ಮು.

ಆರು ತಿಂಗಳಿಗಿಂತ ಹೆಚ್ಚು ದಿನ ಕ್ರೇನು ಬಿಟ್ಟವರಿಗೆ ಪರೀಕ್ಷೆ ಇರುತ್ತದೆ. ಅಂಚಿನಿಂದ ನಾಲ್ಕು ಬೆರಳು ಕೆಳಗಿನವರೆಗೆ ನೀರು ತುಂಬಿದ ಡ್ರಮ್ಮನ್ನು ಕೊಕ್ಕೆಗೆ ಸಿಕ್ಕಿಸಿ, ಯಾರ್ಡಿನ ಈ ತುದಿಯಿಂದ ಆ ತುದಿಗೆ ಒಯ್ದು, ಸುಣ್ಣದಲ್ಲಿ ಬರೆದ ಸುತ್ತಿನೊಳಗೆ ಇಳಿಸಬೇಕು. ಒಂದು ಮಗ್ಗಿಗಿಂತ ಹೆಚ್ಚು ಚೆಲ್ಲಬಾರದು. ಎರಡು ಸಲ ಅವಕಾಶ. ಎರಡರಲ್ಲೂ ಸೋತರೆ ಒಂದು ವರ್ಷ ಸ್ಟೋರಿನಲ್ಲಿ ಹಗ್ಗ ಸುತ್ತುತ್ತ ಕೂರಬೇಕು. ಅಷ್ಟರಲ್ಲಿ ಸೀಟು ಬೇರೆಯವರದಾಗಿರುತ್ತದೆ. ಅವಳ ಜಾಗಕ್ಕೆ ಬೇರೆ ಯಾರ್ಡಿನಿಂದ ಬಂದ ಡ್ರೈವರು ಆಗಲೇ ಸೀಟಿನ ಮೇಲೆ ತನ್ನ ಸ್ಪಂಜಿನ ದಿಂಬು ಹಾಕಿದ್ದ.

"ದಿಂಬು ಹಾಕಿದಾನೆ ಅಂದ್ರೆ ಬೇರು ಬಿಟ್ಟ ಅಂತ್ಲೇ ಲೆಕ್ಕ" ಎಂದಳು ಗಂಡನಿಗೆ.

"ಅವನಿಗೆ ಮೂಲವ್ಯಾಧಿ ಕಣೇ. ಎಲ್ಲಿ ಹೋದ್ರೂ ದಿಂಬು ಹೊತ್ಕೊಂಡೇ ಹೋಗ್ತಾನೆ. ಸುಮ್ನೆ ಮಲ್ಕೋ."

ಸೋಮವಾರ ಬೆಳಗ್ಗೆ ಅವಳು ಎಂಟಕ್ಕೆ ಹಾಜರಾದಳು. ಪರೀಕ್ಷೆ ಹನ್ನೊಂದಕ್ಕೆ. ಗುಂಡ ಇನ್ನೂ ಬಾಟಲಿಗೆ ಒಗ್ಗಿರಲಿಲ್ಲವಾದ್ದರಿಂದ ಗಂಡ ಹತ್ತೂವರೆಗೆ ಅವನನ್ನು ಎದೆಗೆ ಕಟ್ಟಿಕೊಂಡು, ಮೇಸ್ತ್ರಮ್ಮನ ಕೈ ಹಿಡಿದು ಹಾಲಿಗಾಗಿ ಯಾರ್ಡಿಗೆ ಬಂದ. ಅವನ ಅಂಗಿಯ ಒಂದು ಭುಜ ಆಗಲೇ ವಾಂತಿಯಿಂದ ಬೆಳ್ಳಗಾಗಿತ್ತು.

ಫೋರ್‌ಮನ್ ಕೆಟ್ಟವನಲ್ಲ, ಬಾಯಿ ಮಾತ್ರ ಸ್ವಲ್ಪ ಉದ್ದ. "ಏನಯ್ಯಾ, ಅಪ್ಪನ ರಜೆ! ಹಾಲು ನೀನೇ ಕೊಡ್ತೀಯೋ ಹೇಗೆ?"

"ಬಂದಿದ್ರೆ ನಿಮಗೂ ಒಂದು ಲೋಟ ಕೊಡ್ತಿದ್ದೆ ಸಾರ್. ಸಿಟ್ಟು ಕಮ್ಮಿಯಾಗ್ತಿತ್ತು."

ಮೊದಲ ಸಲ ಹೊರಟಳು. ಡ್ರಮ್ಮು ನೆಲ ಬಿಟ್ಟಿತು, ಇಪ್ಪತ್ತು ಅಡಿ ಸರಿಯಾಗಿಯೇ ಹೋಯಿತು. ಆಮೇಲೆ ಓಲಾಡತೊಡಗಿತು. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಅವಳು ಸರಿಪಡಿಸಲು ಹೋದಂತೆ ಇನ್ನಷ್ಟು ಓಲಾಡಿತು. ಅರ್ಧ ದಾರಿಗೆ ನೀರು ಜಳಕ್ಕೆಂದು ಚೆಲ್ಲಿ ಕೆಳಗಿನ ಕಾಂಕ್ರೀಟು ಉದ್ದಕ್ಕೆ ಒದ್ದೆಯಾಯಿತು. ದಿಂಬಿನ ಡ್ರೈವರು ತಲೆ ತಗ್ಗಿಸಿ ತನ್ನ ಬೂಟು ನೋಡಿಕೊಂಡ. ಬೇರೆಯವರ ಸೋಲು ನೋಡಿ ನಗದಷ್ಟು ಮನುಷ್ಯ ಅವನು.

ಅವಳು ಏಣಿ ಇಳಿದು ಬಂದಳು. ಮುಖ ಕಪ್ಪಿಟ್ಟಿತ್ತು. ವಿಶ್ರಾಂತಿ ಕೋಣೆಯ ಬೆಂಚಿನ ಮೇಲೆ ಕೂತು ಮಗುವಿಗೆ ಹಾಲು ಕೊಡುತ್ತ, "ಕೈ ಮರ್ತುಹೋಗಿದೆ ಕಣೋ. ಹನ್ನೆರಡು ವರ್ಷದ ಕೈ, ಏಳೇ ತಿಂಗಳಿಗೆ" ಎಂದಳು.

ಗಂಡ ಬಾಗಿಲಿಗೆ ಒರಗಿ ನಿಂತಿದ್ದ. ವರ್ಷಗಟ್ಟಲೆ ಕೆಳಗಿನಿಂದ ಅವಳ ಕ್ಯಾಬಿನ್ನನ್ನೇ ನೋಡಿದವನು. "ಕೈ ಏನೂ ಮರ್ತಿಲ್ಲ. ಸೊಂಟ ಮರೀತಿಲ್ಲ."

"ಏನಂದೆ?"

"ನೀನು ಗುಂಡನ್ನ ತೂಗ್ತಾ ಇದ್ದೆ ಕಣೇ ಅಲ್ಲಿ. ಗಾಜಲ್ಲಿ ಕಾಣಿಸ್ತಿತ್ತು. ನಿನ್ನ ಮೈ ಆ ಕಡೆ ಈ ಕಡೆ, ಅದರ ಜೊತೆ ಕೈಲಿರೋ ಲಿವರ್ ಆ ಕಡೆ ಈ ಕಡೆ. ಡ್ರಮ್ಮಿಗೆ ನಿದ್ದೆ ಬಂತೇ ಹೊರತು ದಡ ಸೇರಲಿಲ್ಲ."

ಅವಳು ತನ್ನನ್ನೇ ನೋಡಿಕೊಂಡಳು. ಬೆಂಚಿನ ಮೇಲೆ ಕೂತಲ್ಲೇ ತೂಗುತ್ತಿದ್ದಳು.

"ಥೂ ನನ್ ಮಗನೇ" ಎಂದಳು ಎದೆಯಲ್ಲಿದ್ದ ಗುಂಡನಿಗೆ. "ಕೂತು ತೂಗಿದ್ರೆ ನಿಂಗಾಗಲ್ಲ, ಡ್ರಮ್ಮಿಗಾದ್ರೆ ಆಗ್ಬೇಕಾ?"

ಎರಡನೇ ಸಲ ಹತ್ತಿದವಳು ಮೊದಲು ಮಾಡಿದ ಕೆಲಸವೆಂದರೆ ಆ ಸ್ಪಂಜಿನ ದಿಂಬನ್ನು ಎಳೆದು ಸೀಟಿನ ಹಿಂದಕ್ಕೆ ತುರುಕಿದ್ದು. ಮೆತ್ತಗಿದ್ದರೆ ತಾನೆ ಸೊಂಟ ಓಲಾಡುವುದು? ಬರೀ ಕಬ್ಬಿಣದ ಸೀಟಿನ ಮೇಲೆ ಕುಂಡೆ ಊರಿ, ಎರಡೂ ಹಿಮ್ಮಡಿಗಳನ್ನು ನೆಲದ ಪಟ್ಟಿಗೆ ಒತ್ತಿ ಹಿಡಿದಳು. ಡ್ರಮ್ಮು ಮತ್ತೆ ತುಂಬಿತು, ಎದ್ದಿತು. ಈ ಸಲ ನೂಲು ಹಿಡಿದ ಹಾಗೆ ಹೊರಟಿತು. ಅರ್ಧ ದಾಟಿತು, ಮುಕ್ಕಾಲು ದಾಟಿತು. ಕೆಳಗೆ ಯಾರೂ ಕೆಮ್ಮುತ್ತಿರಲಿಲ್ಲ. ಸುಣ್ಣದ ಸುತ್ತಿಗೆ ಇನ್ನು ಹತ್ತು ಹೆಜ್ಜೆ.

ಆಗ ಹಳದಿ ಗೆರೆಯ ಆಚೆ ಅಪ್ಪನ ಪಕ್ಕ ನಿಂತಿದ್ದ ಮೇಸ್ತ್ರಮ್ಮ ಎರಡೂ ತೋಳು ಅಗಲಿಸಿ, ಅಂಗೈ ಕೆಳಗೆ ಮಾಡಿ, ಬೆದರುಗೊಂಬೆಯಾದಳು.

ಕ್ರೇನು ನಿಂತಿತು.

ಮೇಲಿನಕ್ಕ ಯೋಚಿಸಲೇ ಇಲ್ಲ, ಯೋಚಿಸಿದ್ದರೆ ನಿಲ್ಲಿಸುತ್ತಿರಲಿಲ್ಲವೇನೋ. ಡ್ರಮ್ಮು ಮುಂದಕ್ಕೊಮ್ಮೆ ಬಾಗಿತು, ನೀರು ಅಂಚಿಗೆ ಬಂತು, ಒಂದಿಷ್ಟು ಹೊರಗೆ ಹಾರಿತು. ಆಮೇಲೆ ಅಲ್ಲೇ ನೇತುಬಿತ್ತು.

ಅಪ್ಪ ಬಗ್ಗಿ ಕೇಳಿದ, "ಏನಮ್ಮಾ? ಏನಾಯ್ತು? ಯಾರಾದ್ರೂ ಅಡ್ಡ ಬಂದ್ರಾ?"

"ಉಚ್ಚೆ ಬಂತು."

"ಅಯ್ಯೋ, ನನ್ಗೆ ಹೇಳೋದಲ್ವಾ!"

"ಅಮ್ಮಂಗೆ ಹೇಳ್ದೆ."

ಲಾರಿಯವರು ಗೊಳ್ಳೆಂದು ನಕ್ಕರು. ಫೋರ್‌ಮನ್ ನಗಲಿಲ್ಲ. ಕೈಯಲ್ಲಿದ್ದ ಪುಸ್ತಕ ಮುಚ್ಚಿದ. "ಮಧ್ಯದಲ್ಲಿ ನಿಂತ್ರೆ ಪರೀಕ್ಷೆ ಮುಗೀತು. ಎರಡೂ ಸಲ ಆಯ್ತು. ಇದೇನು ಮಕ್ಕಳಾಟವಾ?"

ಅಷ್ಟರಲ್ಲಿ ಹಗ್ಗದ ಸ್ಟೋರಿನಿಂದ ಅಜ್ಜ ಬಂದ. ಎರಡೇ ಬೆರಳಿದ್ದ ಬಲಗೈಯನ್ನು ಎತ್ತಿ ಗೋಡೆಯ ಬೋರ್ಡಿನ ಕಡೆ ತೋರಿಸಿದ.

"ಓದಪ್ಪಾ ಅದನ್ನ. ನಂಗೆ ಕನ್ನಡಕ ಇಲ್ಲ."

"ಅಜ್ಜಾ, ನಂಗೆ ಗೊತ್ತು ಅದು—"

"ಗೊತ್ತಿದ್ರೆ ಜೋರಾಗಿ ಓದು. ಯಾರು ಕೊಟ್ಟರೂ ಅಂತಿದೆಯೋ ಇಲ್ವೋ? ಇಂತಿಷ್ಟು ವಯಸ್ಸಾದವ್ರು ಕೊಟ್ಟರೆ ಅಂತಿದೆಯಾ? ಉಚ್ಚೆ ಬಂದವ್ರನ್ನ ಬಿಟ್ಟು ಅಂತಿದೆಯಾ?"

"ಪರೀಕ್ಷೆ ಅದು, ಕೆಲಸ ಅಲ್ಲ."

"ಕೆಲಸಕ್ಕೇ ತಾನೇ ಪರೀಕ್ಷೆ? ಅವಳು ನಿಲ್ಲಿಸದೇ ಹೋಗಿದ್ರೆ ನಾನೇ ಅವಳನ್ನ ಸ್ಟೋರಿಗೆ ಕರ್ಕೊಂಡು ಹೋಗಿ ಹಗ್ಗ ಕೊಡ್ತಿದ್ದೆ. ತನ್ನ ಸೀಟು ಹೋಗೋ ಹೊತ್ತಲ್ಲೂ ನಿಲ್ಲಿಸಿದ್ಲಲ್ಲ, ಇನ್ನೇನು ಬೇಕು ನಿಂಗೆ? ಇಂಥವಳು ಅವತ್ತು ಮೇಲಿದ್ದಿದ್ರೆ ಇವತ್ತು ನಾನು ಅಂಗಿಗೆ ಗುಂಡಿ ಹಾಕ್ಕೊಳ್ತಿದ್ದೆ."

ನಗು ನಿಂತಿತು. ಫೋರ್‌ಮನ್ ಬೋರ್ಡು ನೋಡಿದ, ಅಜ್ಜನ ಕೈ ನೋಡಿದ, ಮೇಲೆ ಗಾಜಿನೊಳಗೆ ಅಲುಗಾಡದೆ ಕೂತವಳನ್ನು ನೋಡಿದ. ಪುಸ್ತಕ ಮತ್ತೆ ತೆರೆದ.

"ಸರಿ. ನಿಂತಲ್ಲಿಂದ ಮುಂದುವರೀಲಿ. ಆದ್ರೆ ಬೋರ್ಡಲ್ಲಿ ಇನ್ನೊಂದು ಸಾಲಿದೆ, ಅದೂ ನಡೀಬೇಕು. ನಿಲ್ಲಿಸಿದವರೇ ಬಿಡಬೇಕು. ಕರ್ಕೊಂಡು ಬನ್ನಿ ಆ ದೊಡ್ಡ ಮನುಷ್ಯಳನ್ನ."

ದೊಡ್ಡ ಮನುಷ್ಯಳು ಆಗ ಅಲ್ಲಿರಲಿಲ್ಲ. ಅಪ್ಪ ಅವಳನ್ನು ಎತ್ತಿಕೊಂಡು, ಎದೆಯ ಮೇಲೆ ಗುಂಡನನ್ನು ಕುಣಿಸುತ್ತ ಶೌಚಾಲಯದ ಕಡೆ ಓಡಿದ್ದ. ಆರು ನಿಮಿಷ ಇಡೀ ಯಾರ್ಡು, ಮೂರು ಲಾರಿ, ಒಬ್ಬ ಫೋರ್‌ಮನ್, ಅರವತ್ತು ಅಡಿ ಎತ್ತರದಲ್ಲಿ ಅವಳವ್ವ, ಎಲ್ಲರೂ ನಾಲ್ಕು ವರ್ಷದ ಹುಡುಗಿಯ ಉಚ್ಚೆ ಮುಗಿಯಲೆಂದು ಕಾದರು. ನಮ್ಮ ಹನ್ನೊಂದು ದಿನದ ಧರಣಿಯಲ್ಲೂ ಆ ಗೇಟಿನ ಮುಂದೆ ಅಂಥ ಶಿಸ್ತು ಕಂಡಿರಲಿಲ್ಲ.

ಮೇಸ್ತ್ರಮ್ಮ ಒದ್ದೆ ಕೈಗಳನ್ನು ಫ್ರಾಕಿಗೆ ಒರೆಸಿಕೊಳ್ಳುತ್ತ ಬಂದಳು. ಗೆರೆಯ ಮೇಲೆ ನಿಂತು ಸುತ್ತ ನೋಡಿದಳು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ತಿಳಿದು ಸ್ವಲ್ಪ ಹೊತ್ತು ಹಾಗೇ ಇರಲು ಬಿಟ್ಟಳು.

"ಬೇಗ ಕೊಡಮ್ಮಾ ತಾಯಿ" ಎಂದ ಫೋರ್‌ಮನ್.

"ಅವಸರ ಮಾಡ್ಬಾರ್ದು" ಎಂದಳು. ಅದು ಅವಳಪ್ಪನ ಮಾತು. ಆಮೇಲೆ ಒಂದು ಕೈ ಮುಂದೆ ಚಾಚಿ ದಾರಿ ತೋರಿಸಿದಳು. ಅದರ ಮೇಲೆ ಇನ್ನೊಂದು ಅಂಗೈ ಇಟ್ಟು, ನಿಧಾನ ಎಂದಳು.

ಡ್ರಮ್ಮು ನಿಧಾನವಾಗಿಯೇ ಹೋಯಿತು. ಸುಣ್ಣದ ಸುತ್ತಿನೊಳಗೆ, ಮಲಗಿದ ಮಗುವನ್ನು ಹಾಸಿಗೆಗೆ ಇಳಿಸಿದ ಹಾಗೆ ಕೂತಿತು. ಫೋರ್‌ಮನ್ ಅಳತೆ ಕೋಲು ಇಳಿಸಿ ನೋಡಿದ. ಚೆಲ್ಲಿದ್ದು ಮುಕ್ಕಾಲು ಮಗ್ಗು. ಪುಸ್ತಕದಲ್ಲಿ ಬರೆದ. ದಿಂಬಿನ ಡ್ರೈವರು ತಾನೇ ಏಣಿ ಹತ್ತಿ ಹೋಗಿ ತನ್ನ ದಿಂಬು ತಂದುಕೊಂಡ. ಬರುವಾಗ "ಆ ಸೀಟು ಕಲ್ಲು ಕಣಕ್ಕಾ, ನಿಮಗೇ ಇರ್ಲಿ" ಎಂದ.

ಮರುದಿನ ಬೆಳಗ್ಗೆ ಏಳಕ್ಕೆ ಅವಳು ಡಬ್ಬಿ ಹಿಡಿದು ಬಾಗಿಲು ತೆರೆದಳು. ಗಂಡ ಗುಂಡನನ್ನು ಹೆಗಲಿಗೆ ಹಾಕಿಕೊಂಡು ಎಡಕ್ಕೂ ಬಲಕ್ಕೂ ತೂಗುತ್ತಿದ್ದ. ಈಗ ಆ ರೋಗ ಅವನಿಗೆ ಹಿಡಿದಿತ್ತು. ಒಳಗಿಂದ ಮೇಸ್ತ್ರಮ್ಮ ಬಂದು ಹೊಸ್ತಿಲ ಹತ್ತಿರ ತೋಳು ಅಗಲಿಸಿ ನಿಂತಳು.

ಗುಂಡ ಇನ್ನೇನು ಕಣ್ಣು ಮುಚ್ಚುವುದರಲ್ಲಿದ್ದ. ಮಾತಾಡುವಂತಿಲ್ಲ. ಅಮ್ಮ ಒಂದು ಕಾಲು ಹೊರಗೆ, ಒಂದು ಕಾಲು ಒಳಗೆ ಇಟ್ಟುಕೊಂಡು ನಿಂತಳು. ಕೆಳಗೆ ಬೀದಿಯಲ್ಲಿ ಬಸ್ಸು ಬಂತು, ನಿಂತಿತು, ಹೋಯಿತು. ಮಗಳು ಅವಳ ಸುತ್ತ ಒಂದು ಸುತ್ತು ಬಂದಳು, ಡಬ್ಬಿಯ ಮುಚ್ಚಳ ಒತ್ತಿ ನೋಡಿದಳು, ಸೆರಗಿಗೆ ಅಂಟಿದ್ದ ಬಾಳೆಹಣ್ಣನ್ನು ಉಗುರಿನಿಂದ ಕೆರೆದಳು. ಆಮೇಲೆ ಕೈ ಚಾಚಿ ಹೋಗು ಎಂದಳು.

ಯಾರ್ಡಿನ ಗೇಟಿನಲ್ಲಿ ಫೋರ್‌ಮನ್ ಗಡಿಯಾರ ನೋಡುತ್ತ ನಿಂತಿದ್ದ. "ಎರಡನೇ ದಿನವೇ ಒಂಬತ್ತು ನಿಮಿಷ ತಡ. ಕಾರಣ?"

"ನಿಲ್ಲಿಸು ಅಂತ ಸನ್ನೆ ಬಂತು ಸಾರ್."

"ಯಾರು ಕೊಟ್ಟಿದ್ದು?"

"ನಿನ್ನೆ ಕೊಟ್ಟವರೇ."

ಅವನು ಬೋರ್ಡಿನ ಕಡೆ ನೋಡಿದ, ಸ್ಟೋರಿನ ಬಾಗಿಲ ಕಡೆ ನೋಡಿದ, ಅಲ್ಲಿ ಅಜ್ಜ ಹಗ್ಗ ಸುತ್ತುತ್ತ ಇತ್ತಲೇ ನೋಡುತ್ತಿದ್ದ. ಪೆನ್ನಿನ ಮುಚ್ಚಳ ಹಾಕಿಕೊಂಡ.

"ಹೋಗು, ಹತ್ತು" ಎಂದ.