ಮಸ್ಕಿಯಲ್ಲಿ ಗ್ರೀಕ್ ಹೆಣಕ್ಕೆ ಮಣ್ಣು

ತೊಂಬತ್ತರ ದಶಕದ ಆರಂಭದಲ್ಲಿ, ಲಿಂಗಸುಗೂರಿನಲ್ಲಿ ಕಾಲೇಜು ಮೇಷ್ಟ್ರಾಗಿದ್ದ ನಾನು ಹಳೆಯ ಗ್ರೀಕ್ ದುರಂತವೊಂದನ್ನು ಸ್ತ್ರೀವಾದಿ ನಾಟಕವಾಗಿ ಕನ್ನಡಕ್ಕೆ ತಂದೆ. ಯಾರೂ ತರಲು ಹೇಳಿರಲಿಲ್ಲ.

ಕಥೆ ಸರಳ. ಯುದ್ಧದಲ್ಲಿ ಸತ್ತ ದ್ರೋಹಿಯ ಹೆಣಕ್ಕೆ ಯಾರೂ ಮಣ್ಣು ಕೊಡಕೂಡದೆಂದು ರಾಜನ ಅಪ್ಪಣೆ. ರಾಜನೆಂದರೆ ಸತ್ತವನ ಸೋದರಮಾವ. ಸತ್ತವನ ತಂಗಿ ಒಬ್ಬಳೇ ಹೋಗಿ ಮಣ್ಣು ಹಾಕುತ್ತಾಳೆ, ಸೆರೆ ಸಿಕ್ಕು ಸಾಯುತ್ತಾಳೆ. ಮಣ್ಣು ಹಾಕುವ ಮುನ್ನ ಹೆಣ್ಣಿನ ಸ್ವಾತಂತ್ರ್ಯದ ಬಗ್ಗೆ ಅವಳು ಆಡುವ ಎರಡು ಪುಟದ ಮಾತು ಮಾತ್ರ ನನ್ನ ಸ್ವಂತದ್ದು.

ತಂಗಿಯ ಪಾತ್ರಕ್ಕೆ ಸಿಕ್ಕವಳು ಸಂತೆಕಲ್ಲೂರಿನ ಅಂಗನವಾಡಿ ಟೀಚರ್ ಒಬ್ಬಳೇ. ಮೊದಲ ಪ್ರದರ್ಶನ ಮಸ್ಕಿಯಲ್ಲಿ, ಎರಡನೆಯದು ಸಿಂಧನೂರಿನಲ್ಲಿ ಎಂದು ಗೊತ್ತುಮಾಡಿದ್ದೆ. ಅವಳ ಅತ್ತೆ ಷರತ್ತು ಹಾಕಿದರು: "ಮಸ್ಕ್ಯಾಗಿನ ಆಟ ಮೊದಲ ನಾ ನೋಡ್ತೀನ್ರಿ ಮಾಸ್ತರ. ಚಲೋ ಅನಿಸಿದ್ರ ಸಿಂಧನೂರಿಗೆ ಕಳಸ್ತೀನಿ. ಇಲ್ಲಂದ್ರ ಬಣ್ಣ ತೊಳಕೊಂಡು ಸೀದಾ ಮನಿಗೆ."

ಆ ಹುಡುಗಿ ಬಾರದಿದ್ದರೆ ನಾಟಕವೇ ಇಲ್ಲ. ಚಿಂತೆ ಮಾಡುವುದರಲ್ಲಿ ನನ್ನದು ಪಳಗಿದ ಕೈ. ಒಂದು ವಾರ ಆ ಮುದುಕಿಯ ಮುಖವನ್ನೇ ನೆನೆದು ಊಟ ಬಿಟ್ಟೆ.

ಮಸ್ಕಿಯ ಶಾಲೆ ಮೈದಾನದಲ್ಲಿ ಸಂಜೆ ಆಟ ಶುರುವಾಯಿತು. ಅತ್ತೆ ಮುಂದಿನ ಸಾಲಿನಲ್ಲೇ ಕೂತಿದ್ದರು. ಹೆಣವಾಗಿ ನಮ್ಮ ಕಾಲೇಜಿನ ಗುಮಾಸ್ತರು ಅಲುಗಾಡದೆ ಮಲಗಿದ್ದರು. ನನ್ನ ಎರಡು ಪುಟ ಮುಗಿಯುವಷ್ಟರಲ್ಲಿ ಅತ್ತೆ ನಾಲ್ಕು ಸಲ ಆಕಳಿಸಿದ್ದನ್ನು ಪರದೆಯ ಸಂದಿನಿಂದ ನೋಡಿ ಸಿಂಧನೂರಿನ ಆಸೆ ಬಿಟ್ಟೆ.

ಹುಡುಗಿ ಬುಟ್ಟಿಯಿಂದ ಒಂದು ಹಿಡಿ ಎರೆಮಣ್ಣು ತೆಗೆದು ಹೆಣದ ಮೇಲೆ ಹಾಕಿದಳು. ನಮ್ಮ ಕಡೆ ಹೆಣ ಎದುರಿಗಿದ್ದು, ಒಬ್ಬರು ಮಣ್ಣು ಕೊಟ್ಟ ಮೇಲೆ ಉಳಿದವರು ಸುಮ್ಮನೆ ಕೂರುವುದಿಲ್ಲ. ಅತ್ತೆ ಎದ್ದೇಬಿಟ್ಟರು.

"ಒಬ್ಬಾಕಿನ ಬಿಟ್ಟು ಹಂಗ ಕುಂತೀರೇನಬೇ? ಏಳ್ರಿ!"

ಹಿಂದಿನಿಂದ ಹೆಂಗಸರು ಒಬ್ಬೊಬ್ಬರಾಗಿ ರಂಗ ಹತ್ತಿದರು. ಬುಟ್ಟಿ ಬರಿದಾದಾಗ ಮೈದಾನದ ಮಣ್ಣನ್ನೇ ಸೆರಗಿನಲ್ಲಿ ತುಂಬಿಕೊಂಡು ಬಂದರು.

ರಾಜನ ಪಾತ್ರದ ಕಿರಾಣಿ ವ್ಯಾಪಾರಿ ಪರದೆಯ ಹತ್ತಿರ ಸರಿದು ಪಿಸುಗುಟ್ಟಿದ: "ಸರ, ಯಾರ್‍ನ ಹಿಡಿಸಲಿ? ಎಲ್ಲಾ ನಮ್ಮಂಗಡಿ ಗಿರಾಕಿ ಅದಾರ."

ಅತ್ತೆ ಅವನನ್ನೂ ಬಿಡಲಿಲ್ಲ. "ಸ್ವಾದರಮಾವ ಆಗಿ ಅಳಿಯಗ ಮಣ್ಣ ಕೊಡಬ್ಯಾಡ ಅಂತೀಯಲ್ಲಲೇ, ನಿನ್ನ ಮಾರಿಗಿಷ್ಟು! ಬಾ, ನೀನೂ ಹಾಕು."

ರಾಜ ಕಿರೀಟ ತೆಗೆದಿಟ್ಟು ಒಂದು ಹಿಡಿ ಹಾಕಿದ.

"ಸಾಕ್ರಿ ಯವ್ವಾ, ಬಾಯಾಗ ಹೋಗಾಕತ್ತೈತಿ!" ಎಂದು ಹೆಣ ಎದ್ದು ಕೂತಿತು. ಜನ ಶಿಳ್ಳೆ ಹೊಡೆದರು. ನಾನು ಪರದೆ ಎಳೆಸಿದೆ. ಹೀಗೆ ತಂಗಿ ಸಾಯಲಿಲ್ಲ, ಸತ್ತಂತಾಗಿದ್ದು ನಾನು.

ಅತ್ತೆ ಕೈ ಝಾಡಿಸುತ್ತಾ ನನ್ನ ಬಳಿ ಬಂದರು. ತೀರ್ಪಿಗೆ ತಲೆ ಬಗ್ಗಿಸಿ ನಿಂತೆ.

"ಸಿಂಧನೂರಿಗೆ ಬರ್ತಾಳ್ರಿ. ನಾನೂ ಬರ್ತೀನಿ. ಆದ್ರ ಮಣ್ಣ ಹಾಕೂಕಿಂತ ಮೊದಲ ಅಷ್ಟುದ್ದ ಒದರ್‍ತಾಳಲ್ಲ, ಅದನ್ನ ತಗದಹಾಕ್ರಿ. ಅಣ್ಣ ಸತ್ತಾಗ ಯಾವ ಹೆಣ್ಣಮಗಳು ಭಾಷಣ ಮಾಡ್ತಾಳ?"

ನಾನು ರಕ್ಷಣೆಗಾಗಿ ಹುಡುಗಿಯ ಕಡೆ ನೋಡಿದೆ. ಅವಳು ಮುಖದ ಬಣ್ಣ ಒರೆಸಿಕೊಳ್ಳುತ್ತಾ, "ತಾಲೀಮಿನಾಗ ಇದನ್ನ ಎರಡ ಸಲ ಹೇಳಾಕ ಬಾಯಿ ತಗದಿದ್ನಿರಿ ಸರ," ಎಂದಳು. "ನೀವು ಹೆಣ್ಣಿನ ದನಿ ಹೆಂಗಿರಬೇಕಂತ ನನಗ ತಿಳಿಸಿ ಹೇಳಾಕತ್ತಿದ್ರಿ."