ಸಂತೆಯ ಚೀಲ, ಮುಷ್ಟಿಯ ಗಡಿಗೆ

ಬಾಡಿದ ಕೊತ್ತಂಬರಿಗೆ ಒಂದು ವಾಸನೆ ಇರುತ್ತದೆ. ಹಸಿಯದೂ ಅಲ್ಲ, ಕೊಳೆತದ್ದೂ ಅಲ್ಲ, ನೀರು ಬತ್ತಿದ ಹಳ್ಳದ ದಂಡೆಯ ಹಾಗೆ. ಸಂತೆ ಕಳಚುವ ಹೊತ್ತಿಗೆ ಹೋಗಿ, ಉಳಿದದ್ದನ್ನು ಅರ್ಧ ದರಕ್ಕೆ ಕೇಳಿ ತರುವವರಿಗೆ ಈ ವಾಸನೆ ಚೆನ್ನಾಗಿ ಗೊತ್ತು. ಮೊನ್ನೆ ಬೆಳಿಗ್ಗೆ ಅಫಜಲಪುರದ ನಮ್ಮ ಬಾಡಿಗೆ ಮನೆಯಲ್ಲಿ, ಹಿಂದಿನ ಸಂಜೆ ತಂದ ಚೀಲವನ್ನು ನೆಲಕ್ಕೆ ಸುರುವಿಕೊಂಡು ಮೂರು ಗುಂಪಿ ಮಾಡುತ್ತ ಕುಳಿತಿದ್ದೆ. ಇವತ್ತೇ ಒಲೆಗೆ ಹೋಗಬೇಕಾದದ್ದು ಒಂದು ಗುಂಪಿ, ನಾಳೆಯ ತನಕ ತಡೆಯುವುದು ಇನ್ನೊಂದು, ಮೂರು ನಾಲ್ಕು ದಿನ ಬಾಳುವುದು ಮತ್ತೊಂದು. ಈ ಗುಂಪಿ ಹಾಕುವುದನ್ನು ನನಗೆ ಕಲಿಸಿದವಳು ದೊಡ್ಡವ್ವ. ನಮ್ಮಪ್ಪನ ಅಣ್ಣನ ಹೆಂಡತಿ. ಹೆತ್ತವ್ವ ತೀರಿಕೊಂಡ ಮೇಲೆ ಎರಡು ವರ್ಷದ ನನ್ನನ್ನು ಎತ್ತಿ ಸಾಕಿದವಳು. ಅಷ್ಟರಲ್ಲಿ ಫೋನು ಬಂತು. ಊರಿನಿಂದ ಚಿಗವ್ವ, ಅಂದರೆ ನಮ್ಮ ಕಾಕನ ಹೆಂಡತಿ, ದೊಡ್ಡವ್ವನನ್ನು ಅಕ್ಕ ಎನ್ನುವವಳು. "ಶಾಂತಾ, ಅಕ್ಕ ಹ್ವಾದ್ಲು ಬೇ. ನಸಿಕಿನಾಗ. ನಾನ ಎರಡು ಚಮಚ ಗಂಜಿ ಹಾಕಿದ್ನಿ, ಮೂರನೇದಕ್ಕ ಬಾಯಿ ತೆರೀಲಿಲ್ಲ" ಎಂದಳು. ಇನ್ನೂ ಮಂದಿಗೆ ಹೇಳಬೇಕು, ಮತ್ತೆ ಮಾಡುತ್ತೇನೆ ಎಂದು ಇಟ್ಟುಬಿಟ್ಟಳು. ನನ್ನ ಕೈಯಲ್ಲಿ ಕೊತ್ತಂಬರಿಯ ಕಟ್ಟು ಹಾಗೆಯೇ ಇತ್ತು. ಅಯ್ಯೋ ಶಿವನೇ, ಹೇಳಬೇಕಾದ ಮಾತು ಹೇಳದೇ ಉಳಿಯಿತಲ್ಲ ಎನ್ನುವುದೇ ಮೊದಲು ಬಂತು. ಅಳು ಆಮೇಲೆ ಬಂತು.

ನಮ್ಮೂರು ಜೇವರ್ಗಿ ತಾಲೂಕಿನಲ್ಲಿ, ಅಂದೋಲಾದ ಆಚೆ ಒಂದು ಸಣ್ಣ ಹಳ್ಳಿ. ಮಣ್ಣಿನ ಮಾಳಿಗೆಯ ಮನೆ, ಬೇಸಿಗೆಯಲ್ಲೂ ಅಂಗಾಲು ತಣ್ಣಗಾಗುವ ಕಲ್ಲಿನ ಫರಸಿ, ನಡುಮನೆಯಲ್ಲಿ ಜೋಳದ ಚೀಲಗಳ ಸಾಲು, ಅಡುಗೆಮನೆಯಲ್ಲಿ ಹಂಚಿನ ಮೇಲೆ ಸದಾ ಒಂದು ರೊಟ್ಟಿ. ಹನ್ನೊಂದು ಮಂದಿಯ ಆ ಮನೆಯ ಸಂತೆ ದೊಡ್ಡವ್ವನ ಕೈಯಲ್ಲಿತ್ತು. ಬೇರೆ ಹೆಂಗಸರು ಮುಂಜಾನೆ ಸಂತೆಗೆ ಹೋಗಿ ಮಿರಿಮಿರಿ ಮಿಂಚುವ ಕಾಯಿ ಆರಿಸಿಕೊಂಡು ಬಂದರೆ, ಈಕೆ ಹೊರಡುತ್ತಿದ್ದುದು ಹೊತ್ತು ಇಳಿಯುವಾಗ. ಮಾರುವವರು ತಾಡಪತ್ರಿ ಮಡಚುವಾಗ ಎದುರಿಗೆ ನಿಂತು, ಏನೂ ಕೇಳದೆ ಸುಮ್ಮನೆ ನೋಡುತ್ತಿದ್ದಳು. ಅವರೇ ಬೇಸತ್ತು ದರ ಇಳಿಸುತ್ತಿದ್ದರು. "ಸಂತಿ ಎಂಟು ದಿನಕ್ಕ ಬರ್ತದ, ನನ್ನ ಚೀಲ ಒಂಬತ್ತು ದಿನ ಬರ್ಬೇಕು" ಎನ್ನುವುದು ಆಕೆಯ ಮಾತು. ಎರಡು ದಿನ ಸೊಪ್ಪು, ಆಮೇಲೆ ಬಾಡಿದ ಕಾಯಿ, ಆಮೇಲೆ ಹೆಸರುಕಾಳು, ಸಂತೆಯ ಹಿಂದಿನ ದಿನ ಬರೀ ಶೇಂಗಾ ಹಿಂಡಿ ಮತ್ತು ರೊಟ್ಟಿ. ಮೂರನೆಯ ಗುಂಪಿಯ ಗಟ್ಟಿ ಕಾಯಿ ಕೂಡ ನಮ್ಮ ತಾಟಿಗೆ ಬರುವಾಗ ಮೊದಲನೆಯ ಗುಂಪಿಗೆ ಇಳಿದಿರುತ್ತಿತ್ತು! ಹೊಸ ಕಾಯಿಯ ರುಚಿ ಹೇಗಿರುತ್ತದೆ ಎಂಬುದನ್ನು ನಾನು ಪಕ್ಕದ ಮನೆಯ ಒಗ್ಗರಣೆಯ ಘಮದಿಂದಲೇ ತಿಳಿದುಕೊಂಡೆ. ಆಗ ಬಹಳ ಸಿಟ್ಟು ಬರುತ್ತಿತ್ತು. ಹನ್ನೊಂದು ಹೊಟ್ಟೆ ಹಸಿದು ಮಲಗಲಿಲ್ಲ ಎನ್ನುವುದು ಹೊಳೆದದ್ದು ನನ್ನ ಕೈಗೆ ಚೀಲ ಬಂದ ಮೇಲೆ.

ಇಷ್ಟು ಬಿಗಿ ಕೈಯವಳು ಒಂದರಲ್ಲಿ ಮಾತ್ರ ಸಡಿಲ. ಸ್ನಾನ ಮಾಡಿ ಲಿಂಗಪೂಜೆ ಮುಗಿಸಿ, ಒಲೆ ಹಚ್ಚುವ ಮೊದಲು ಒಂದು ಮುಷ್ಟಿ ಜೋಳ ತೆಗೆದು ದೇವರ ಜಗಲಿಯ ಪಕ್ಕದ ಗಡಿಗೆಗೆ ಹಾಕುತ್ತಿದ್ದಳು. ಅದು ಮಠದ ದಾಸೋಹದ ಪಾಲು. ಅಮಾವಾಸ್ಯೆಗೆ ಮಠದ ಅಯ್ಯನವರು ಜೋಳಿಗೆ ಹಿಡಿದು ಬಂದಾಗ ಗಡಿಗೆಯನ್ನು ಎತ್ತಿ ಸುರುವುವುದು. ನಮಗೆ ಅರ್ಧ ರೊಟ್ಟಿ ಕಡಿಮೆಯಾದೀತು, ಆ ಗಡಿಗೆಗೆ ಒಂದು ಕಾಳೂ ಕಡಿಮೆಯಾಗುತ್ತಿರಲಿಲ್ಲ. ಅದನ್ನು ಮುಟ್ಟುವ ಯೋಚನೆ ಆ ಮನೆಯಲ್ಲಿ ಯಾರಿಗೂ ಬಂದಿರಲಿಲ್ಲ. ಒಂಬತ್ತು ವರ್ಷದ ನನಗೆ ಬಂತು.

ಚಿಗವ್ವ ಆಗ ಮೊದಲ ಬಸುರಿ. ತಿಂದದ್ದು ನಿಲ್ಲುತ್ತಿರಲಿಲ್ಲ, ಮುಖ ಹಿಟ್ಟಿನ ಹಾಗೆ ಬಿಳಿಚಿಕೊಂಡಿತ್ತು. ಎಳೆ ಬದನೆಕಾಯಿಯ ಎಣ್ಣಿಗಾಯಿ ತಿನ್ನಬೇಕು ಎಂದು ಒಂದೇ ಸಲ, ಅದೂ ಹೆದರಿ ಹೆದರಿ ಕೇಳಿದಳು. ದೊಡ್ಡವ್ವ ರೊಟ್ಟಿ ಬಡಿಯುತ್ತ, "ಸಂತಿ ಇನ್ನ ಐದು ದಿನ ಅದ. ಅಲ್ಲೀತನ ನಿನ್ನ ಬಯಕಿಗಿ ಕುಂದ್ರು ಅನ್ನು" ಎಂದಳು. ಚಿಗವ್ವ ನಕ್ಕಳು, ಆಮೇಲೆ ಬಚ್ಚಲಿನ ಹತ್ತಿರ ನಿಂತು ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ. ನನ್ನ ಜಡೆ ಹಾಕುತ್ತಿದ್ದವಳು, ನನ್ನನ್ನು ಮಗ್ಗುಲಿಗೆ ಹಾಕಿಕೊಂಡು ಮಲಗುತ್ತಿದ್ದವಳು ಆಕೆ. ಮರುದಿನ ದೊಡ್ಡವ್ವ ಹೊಲಕ್ಕೆ ಹೋದಾಗ ಬದನೆಕಾಯಿ ಬುಟ್ಟಿಯ ಖಾಜಾಬಿ ಓಣಿಗೆ ಬಂದಳು. "ಕಾಳು ತಾ ಬೇಟಿ, ಕಾಯಿ ತಗೋ" ಎಂದಳು. ಚೀಲದ ಬಾಯಿಗಳೆಲ್ಲ ಹೊಲಿದಿದ್ದವು. ತೆರೆದಿದ್ದದ್ದು ಮುಷ್ಟಿಯ ಗಡಿಗೆಯೊಂದೇ. ಲಂಗದ ಉಡಿ ತುಂಬ ತೋಡಿಕೊಂಡು ಹೋಗಿ ಸುರುವಿದೆ. ದೊಡ್ಡವ್ವನೇ ಕೊಡಿಸಿದ್ದಾಳೆ ಎಂದು ಚಿಗವ್ವನ ಕೈಗೆ ಬದನೆಕಾಯಿ ಇಟ್ಟೆ. ಆ ಮಧ್ಯಾಹ್ನ ಶೇಂಗಾ, ಎಳ್ಳು, ಹುಣಸೆಹುಳಿ ತುಂಬಿದ ಎಣ್ಣಿಗಾಯಿಯನ್ನು ಆಕೆ ಎರಡು ರೊಟ್ಟಿಯ ಜೊತೆ ತಿಂದಳು. ಅದು ಹೊಟ್ಟೆಯಲ್ಲಿ ನಿಂತಿತು ಕೂಡ.

ದೊಡ್ಡವ್ವ ಹೊಸ್ತಿಲು ದಾಟುತ್ತಲೇ ಘಮ ಹಿಡಿದಳು. ಎಲ್ಲಿಂದ ಬಂತು ಎಂದು ಕೇಳಿದಳು. "ನೀವ ಕೊಟ್ಟ..." ಎಂದು ಶುರು ಮಾಡಿದ ಚಿಗವ್ವನ ಕಣ್ಣು ನನ್ನ ಮೇಲೆ ಬಿತ್ತು. ದೊಡ್ಡವ್ವನ ಬೆನ್ನ ಹಿಂದೆ ನಿಂತು ನಾನು ಬೇಡ ಬೇಡ ಎಂದು ತಲೆ ಅಲ್ಲಾಡಿಸುತ್ತಿದ್ದೆ. ಆಕೆ ಮಾತು ತಿರುಗಿಸಿದಳು. "ಖಾಜಾಬಿ ಉದ್ರಿ ಕೊಟ್ಟಾಳ್ರಿ ಅಕ್ಕಾರ." ಅಮಾವಾಸ್ಯೆಯ ದಿನ ಅಯ್ಯನವರ ಮುಂದೆ ದೊಡ್ಡವ್ವ ಗಡಿಗೆ ಬಗ್ಗಿಸಿದಳು. ಜೋಳಿಗೆ ಅರ್ಧವೂ ತುಂಬುವ ಮೊದಲೇ ಕಾಳು ನಿಂತುಹೋಯಿತು. ಖಾಲಿ ಗಡಿಗೆ ಹಿಡಿದ ಆಕೆಯ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಒಳಗೆ ಹೋಗಿ, ಹೊಲಿದ ಚೀಲ ಹರಿದು, ಎರಡರಷ್ಟು ತಂದು ಹಾಕಿ ನಮಸ್ಕಾರ ಮಾಡಿದಳು. ಅವರು ಹೋದ ಮೇಲೆ ಚಿಗವ್ವನ ಕಡೆ ತಿರುಗಿ, "ಉದ್ರಿ ಅಂದ್ರ ಇದೇನು? ಶಿವನ ಕಡಿಂದ ತಂದ ಉದ್ರಿ? ಮುಷ್ಟಿಗಿ ಇಳಿದ ಕೈ ನನ್ನ ಒಲಿಗಿ ಬ್ಯಾಡ" ಎಂದಳು. ಚಿಗವ್ವ ನನ್ನನ್ನು ನೋಡಲೇ ಇಲ್ಲ. ನೋಡಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಏನೋ. ಮುಂದಿನ ಸುಗ್ಗಿಯ ಹೊತ್ತಿಗೆ ನಡುಮನೆಯಲ್ಲಿ ಗೋಡೆ ಎದ್ದಿತು. ಎರಡು ಒಲೆ ಎಂದರೆ ಎರಡು ಸಂತೆಯ ಚೀಲ, ಎರಡು ಎಣ್ಣೆಯ ಗಿಂಡಿ, ಎರಡು ಉಪ್ಪಿನ ಮಡಕೆ. ದೊಡ್ಡವ್ವ ಹೊತ್ತು ಮುಳುಗುವ ತನಕ ಸಂತೆಯಲ್ಲಿ ನಿಂತು ಉಳಿಸಿದ್ದೆಲ್ಲ ಆ ಗೋಡೆಗೇ ಹೋಯಿತು.

ಮದುವೆಯಾಗಿ ಬಂದ ಮೇಲೆ ಊರಿಗೆ ಹೋದಾಗಲೆಲ್ಲ ಹೇಳಬೇಕು ಎಂದುಕೊಂಡೇ ಹೋಗುತ್ತಿದ್ದೆ. ಹೋದ ವರ್ಷ ಒಮ್ಮೆ ತುಟಿಯ ತನಕ ಬಂದಿತ್ತು. "ದೊಡ್ಡವ್ವಾ, ಆ ಮುಷ್ಟಿ ಗಡಿಗಿ..." ಎಂದೆ. ಕಣ್ಣು ಮಂಜಾಗಿದ್ದ ಆಕೆ ನಾನು ಒಯ್ದ ಬಾಳೆಹಣ್ಣನ್ನು ಒತ್ತಿ ಒತ್ತಿ ನೋಡುತ್ತ, "ಇದಕ್ಕ ಎಷ್ಟು ಕೊಟ್ಟಿ? ಮುಂಜಾನಿ ತಗೊಂಡಿಯಲ್ಲಾ ಹುಚ್ಚಿ, ಸಂಜೀಕ ತಗೋಬೇಕಿಲ್ಲ!" ಎಂದು ಬೈದಳು. ನಾನು ನಕ್ಕೆ. ಆ ನಗೆಯಲ್ಲಿ ಮಾತು ಸತ್ತಿತು.

ಈ ವರ್ಷ ನಮ್ಮ ಮನೆಯವರು ಕೆಲಸ ಮಾಡುವ ಬಟ್ಟೆ ಅಂಗಡಿಯಲ್ಲಿ ಪಗಾರ ಇಳಿಸಿದರು. "ಸಂತಿ ಚೀಲ ಸ್ವಲ್ಪ ಸಣ್ಣದು ಮಾಡು" ಎಂದರು. "ಚೀಲ ಸಣ್ಣದು ಹೊಲಿಸಬಹುದ್ರಿ, ಹೊಟ್ಟಿ ಸಣ್ಣದು ಹೊಲಿಯೋ ಸಿಂಪಿಗ ಎಲ್ಲಿ ಅದಾನ?" ಎಂದೆ. ಎಂದರೂ ಮಾಡಿದೆ. ಚಹಾದ ಸಕ್ಕರೆ ಇಳಿಸಿದೆ, ಎಣ್ಣೆ ಇಳಿಸಿದೆ, ಪಾಕೀಟಿನ ಸಾಮಾನು ಬಿಟ್ಟೆ. ರೇಷನ್ ಅಕ್ಕಿ ಬರುತ್ತದಲ್ಲ, ಪಕ್ಕದ ಮನೆಯವರು ಕರಿಬೇವು ಪುಕ್ಕಟೆ ಕೊಡುತ್ತಾರಲ್ಲ ಎಂದು ಶಿವನಿಗೆ ಕೈ ಮುಗಿದೆ. ಎಷ್ಟು ಹಿಂಡಿದರೂ ಒಂದು ಬದಿ ಇಳಿದರೆ ಇನ್ನೊಂದು ಬದಿ ಏರುತ್ತಿತ್ತು. ಕೊನೆಗೆ ಕಡಿದದ್ದು ದೊಡ್ಡವ್ವನಿಗೆ ಒಯ್ಯುವ ಒಂದು ಡಜನ್ ಬಾಳೆಹಣ್ಣು. ಹಾಸಿಗೆ ಹಿಡಿದವಳನ್ನು ನೋಡಲು ಬರಿಗೈಯಲ್ಲಿ ಹೋಗಬಾರದು. ಹಣ್ಣಿಲ್ಲ ಎಂದು ನಾನು ಹೋಗಲೇ ಇಲ್ಲ. ಮುಂದಿನ ಸಂತೆಗೆ, ಮುಂದಿನ ಸಂತೆಗೆ ಎಂದು ನಾಲ್ಕು ಸಂತೆ ಕಳೆದವು. ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ರೊಕ್ಕವೂ ಬೇಕಿರಲಿಲ್ಲ. ಬರಿಗೈಯಲ್ಲೇ ಹೋಗಿದ್ದರೆ ಆಕೆ ಸಂತೋಷಪಡುತ್ತಿದ್ದಳು, ಹುಡುಗಿಗೆ ಬುದ್ಧಿ ಬಂತು ಎನ್ನುತ್ತಿದ್ದಳು. ಉಳಿಸುವುದನ್ನು ಆಕೆಯಿಂದಲೇ ಕಲಿತು ಆಕೆಯ ಮೇಲೆಯೇ ಉಳಿಸಿದೆನಲ್ಲ ಎಂದು ಕಾಯಿಪಲ್ಯದ ನಡುವೆ ಕುಳಿತು ಹಣೆ ಹಣೆ ಬಡಿದುಕೊಂಡೆ.

ಫೋನು ಮತ್ತೆ ಬಂತು. ಚಿಗವ್ವ ಏನಾದರೂ ಹೇಳುವ ಮೊದಲೇ ನಾನು, "ಚಿಗವ್ವಾ, ಆ ಮುಷ್ಟಿ ಜೋಳದ ಮಾತು ನಾ ಆಕೀಗಿ ಹೇಳಲೇ ಇಲ್ಲ. ಕಡೀತನ ನಿನ್ನ ಮ್ಯಾಲೇ ಉಳೀತು" ಎಂದೆ. ನಾವಿಬ್ಬರೂ ಇಷ್ಟು ವರ್ಷದಲ್ಲಿ ಆ ಮಾತನ್ನು ಎತ್ತಿರಲಿಲ್ಲ. ಆ ಕಡೆ ಹೆಂಗಸರ ಅಳು ಕೇಳುತ್ತಿತ್ತು.

"ನಿನ್ನೆ ಹೇಳಿದ್ರ ಆಕಿ ಕೇಳ್ತಿದ್ಲು" ಎಂದಳು. ಬೈಗುಳವೂ ಅಲ್ಲ, ಸಮಾಧಾನವೂ ಅಲ್ಲ. ಆಮೇಲೆ, "ಮಧ್ಯಾಹ್ನ ಮಣ್ಣು ಮಾಡ್ತಾರ, ಅಷ್ಟ್ರಾಗ ಬಾ. ಸಾವಿನ ಮನಿ, ಒಲಿ ಹಚ್ಚಂಗಿಲ್ಲ. ಗ್ವಾಡಿ ಆ ಕಡಿನೂ ಇಲ್ಲ, ಈ ಕಡಿನೂ ಇಲ್ಲ. ರೊಟ್ಟಿ ಮಾಡ್ಕೊಂಡು ಬಾ. ಎರಡೂ ಮನಿಗಿ ಕೂಡಿ ಒಂದ ಬುತ್ತಿ ಕಟ್ಟು" ಎಂದು ಇಟ್ಟಳು.

ನನಗೆ ಸಮಾಧಾನವೇನೂ ಆಗಲಿಲ್ಲ. ಆಗಬಾರದು ಕೂಡ. ಸೆರಗಿನಿಂದ ಮುಖ ಒರೆಸಿಕೊಂಡೆ. ಮೊದಲನೆಯ ಗುಂಪಿಯನ್ನು ಹಾಗೆಯೇ ಬಿಟ್ಟು, ಮೂರನೆಯದರಿಂದ ಗಟ್ಟಿ ಬದನೆಕಾಯಿಗಳನ್ನೆಲ್ಲ ಆರಿಸಿ ನೀರಿಗೆ ಹಾಕಿದೆ. ಒಲೆಯ ಮೇಲೆ ಎಸರಿಟ್ಟೆ. ಪರಾತ ಎಳೆದುಕೊಂಡು, ವಾರಕ್ಕೆಂದು ಅಳೆದಿಟ್ಟಿದ್ದ ಜೋಳದ ಹಿಟ್ಟನ್ನು ಅಷ್ಟೂ ಸುರುವಿ, ನಾದಲು ಕುಳಿತೆ.