ರೊಟ್ಟಿಯವಳು ಕೇಳಿದ ಪ್ರಶ್ನೆ

ಗುರುವಾರ ಸಂಜೆ ದೇವರ ದೀಪಗಳಿಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದಾಗ ಫೋನು ಬಂತು. ಕೈ ತೊಳೆಯುವಷ್ಟು ತಾಳ್ಮೆಯಿಲ್ಲದೆ ಕಿರುಬೆರಳಿನಿಂದಲೇ ಸ್ಪೀಕರ್ ಒತ್ತಿದೆ.

"ಅಕ್ಕಾರ, ಹೊಟ್ಟಿ ಕೆಟ್ಟೈತ್ರಿ. ಮುಂಜಾನಿಂದ ಆರೇಳು ಸಲ ಹೋಗಿ ಬಂದೀನಿ. ನಾಳಿ ಬರಾಕ ಆಗೂದಿಲ್ಲ."

ಬನಶಂಕರಿಯ ನಮ್ಮ ಮನೆಯ ಹಿಂದಿನ ಅಡುಗೆಕೋಣೆಯಲ್ಲಿ ಜೋಳದ ರೊಟ್ಟಿ ಬಡಿಯುವವಳು ಅವಳು. ಗದಗದ ಕಡೆಯವಳು, ಬಿಟಿಎಂನಲ್ಲಿ ಬಾಡಿಗೆಗಿದ್ದಾಳೆ. ರೊಟ್ಟಿ ಮಾರುವವಳು ನಾನು, ಬಡಿಯಲು ಬರುವುದು ಅವಳಿಗೆ. ಮರುದಿನ ಶ್ರೀನಗರದ ಒಂದು ಗೃಹಪ್ರವೇಶಕ್ಕೆ ಇನ್ನೂರು ರೊಟ್ಟಿ ಒಪ್ಪಿಕೊಂಡಿದ್ದೆ.

"ಮಜ್ಜಿಗೆಗೆ ಮೆಂತ್ಯ ಹಾಕ್ಕೊಂಡು ಕುಡಿ, ಬೆಳಿಗ್ಗೆಗೆ ಸರಿಹೋಗುತ್ತೆ. ಇದೊಂದಿನ ಬಂದ್ಬಿಡು. ಇಲ್ಲಾಂದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ" ಅಂದೆ. ಕೊನೆಯದನ್ನು ಹೇಳಬೇಕೆಂದು ಹೇಳಿದ್ದಲ್ಲ. ಬಾಯಿಂದ ಬಿದ್ದುಹೋಯಿತು.

ಬಂದಳು. ಮುಖ ಬತ್ತಿತ್ತು. ನಡುನಡುವೆ ಎದ್ದು ಹೋಗಿ ಬರುತ್ತಿದ್ದಳು. ನಾನು ರೊಟ್ಟಿ ಎಣಿಸಿ ಕಟ್ಟುತ್ತಿದ್ದೆ. ರೊಟ್ಟಿ ಹೊರಟುಹೋದ ಮೇಲೆ ಮಾತ್ರ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಫೋನು ಸದ್ದಾದರೆ ಸಾಕು, ಗೃಹಪ್ರವೇಶದ ಮನೆಯವರೇ ಇರಬೇಕು, ಯಾರಿಗೋ ಹೊಟ್ಟೆ ಕೆಟ್ಟಿರಬೇಕು ಎಂದು ಓಡುತ್ತಿದ್ದೆ. ಒಮ್ಮೆ ಗ್ಯಾಸಿನವನು, ಒಮ್ಮೆ ಮೈದುನ, ಇನ್ನೊಮ್ಮೆ ಲೋನ್ ಬೇಕಾ ಮೇಡಂ ಎನ್ನುವ ಹುಡುಗಿ. ಅವರಲ್ಲ ಎಂದು ಗೊತ್ತಾದಾಗಲೆಲ್ಲ ಅಮ್ಮನವರ ಪಟಕ್ಕೆ ಕೈಮುಗಿದೆ. ಆ ಫೋನು ಬರಲೇ ಇಲ್ಲ. ಅದೊಂದು ಕೃಪೆ. ಆದರೂ ಮನಸ್ಸು ನಿಲ್ಲಲಿಲ್ಲ.

ಮುಂದಿನ ವಾರದ ಶನಿವಾರ ಜೆಪಿ ನಗರದ ಒಂದು ಸಭಾಂಗಣದಲ್ಲಿ ಆಹಾರ ಸುರಕ್ಷತೆಯ ತರಬೇತಿ. ಮಾಡುವವರೂ ಮಾಡಿಸುವವರೂ ಹೋಗಿ ಸರ್ಟಿಫಿಕೇಟ್ ತರಲೇಬೇಕೆಂದು ನಮ್ಮ ರೊಟ್ಟಿ ಕೊಳ್ಳುವ ಅಂಗಡಿಯವರು ಹೇಳಿದ್ದರು. ಪಾಠ ಮಾಡಲು ಬಂದವರಿಗೆ ಹಿಂದಿ, ಇಂಗ್ಲಿಷ್ ಬಿಟ್ಟರೆ ಬೇರೆ ಬಾರದು. ನನ್ನ ಜೊತೆ ಬಂದಿದ್ದ ರೊಟ್ಟಿಯವಳಿಗೆ ಆ ಎರಡೂ ಬಾರದು. ಮದುವೆಗೆ ಮುಂಚೆ ನಾನು ಕಟ್ಟಿದ ಹಿಂದಿ ಪರೀಕ್ಷೆಗಳು ಇಷ್ಟು ವರ್ಷಕ್ಕೆ ಉಪಯೋಗಕ್ಕೆ ಬಂದವು. ಪಕ್ಕದಲ್ಲಿ ಕೂತು ಒಂದೊಂದನ್ನೇ ಕನ್ನಡದಲ್ಲಿ ಹೇಳುತ್ತಾ ಹೋದೆ.

ಬೆರಳ ಸಂದಿ, ಉಗುರು, ಮಣಿಕಟ್ಟು ಎಂದು ಕೈ ತೊಳೆಯುವ ಬಗೆಯನ್ನೇ ಅವರು ಬಹಳ ಹೊತ್ತು ತೋರಿಸಿದರು.

"ಇಷ್ಟೊತ್ತು ಕೈ ತೊಳಕೋತ ನಿಂತ್ರ ರೊಟ್ಟಿ ಇವರಪ್ಪ ಬಡೀತಾನೇನ್ರಿ?" ಎಂದಳು. ಹಿಂದಿನ ಸಾಲಿನ ಹೆಂಗಸರು ಬಾಯಿಗೆ ಸೆರಗಿಟ್ಟು ನಕ್ಕರು.

ಆಮೇಲೆ ಕಾಯಿಲೆಯ ಮಾತು ಬಂತು. ವಾಂತಿ, ಭೇದಿ ಇದ್ದವರು ತಿನ್ನುವ ಪದಾರ್ಥ ಮುಟ್ಟಬಾರದು, ನಿಂತ ಮೇಲೂ ಎರಡು ದಿನ ದೂರವಿರಬೇಕು. ಇದನ್ನು ಅವಳಿಗೆ ಹೇಳುವಾಗ ನನ್ನ ದನಿ ತಗ್ಗಿತು. ಅವಳು ನನ್ನ ಕಿವಿಯ ಹತ್ತಿರ ಬಾಗಿದಳು.

"ಇವರು ಬರಬ್ಯಾಡ ಅಂತಾರ. ಕೆಲಸ ಕೊಟ್ಟೋರು ಬಾ ಅಂದ್ರ? ಇಲ್ಲಾಂದ್ರ ಬ್ಯಾರೇರ್ನ ನೋಡ್ತೀನಿ ಅಂದ್ರ? ಕೇಳ್ರಿ ಅಕ್ಕಾರ."

ಮುಂದಿನ ಸಾಲಿನಲ್ಲಿ ಅಂಗಡಿಯವರು ಕೂತಿದ್ದರು. ನಾನು ಎದ್ದುನಿಂತು, ಬೆರಳಿಗೆ ಗಾಯವಾದರೆ ಏನು ಮಾಡಬೇಕು ಎಂದು ಹಿಂದಿಯಲ್ಲಿ ಕೇಳಿದೆ.

ಪಾಠದವರು ಬೆರಳೆತ್ತಿ, ಪಟ್ಟಿ ಸುತ್ತಿದಂತೆ, ಗ್ಲೌಸ್ ತೊಟ್ಟಂತೆ ಮಾಡಿ ತೋರಿಸಿದರು. ಕೆಲಸ ಮಾಡಬಹುದು ಎಂದು ತಲೆಯಾಡಿಸಿದರು.

"ನನ್ನ ಬೆರಳಿಗೇನಾಗೇತ್ರಿ?" ಎಂದಳು ಅವಳು. ಈ ಸಲ ದನಿ ಎತ್ತರದಲ್ಲಿತ್ತು. "ನಾ ಹೊಟ್ಟಿ ಮಾತ ಕೇಳೀನಿ."

ಕನ್ನಡ ಬಲ್ಲವರೆಲ್ಲ ತಿರುಗಿದರು. ಏನಂತೆ ಎಂದು ಪಾಠದವರು ನನ್ನನ್ನೇ ಕೇಳಿದರು. ಇನ್ನೊಂದು ಸುಳ್ಳು ಹೊಂದಿಸುವಷ್ಟು ಹಿಂದಿ ನನಗಿರಲಿಲ್ಲ. ಅದೂ ದೇವರು ಮಾಡಿದ ಒಳ್ಳೆಯದೇ ಇರಬೇಕು. ಹೋದ ವಾರ ಇವಳಿಗೆ ಭೇದಿಯಾಗಿತ್ತು, ಬರುವುದಿಲ್ಲ ಅಂದಳು, ನಾನೇ ಹೆದರಿಸಿ ಕರೆಸಿಕೊಂಡೆ, ಕೆಲಸ ಕೊಟ್ಟವರೇ ಹೀಗೆ ಮಾಡಿದರೆ ಏನು ಗತಿ ಎಂದು ಕೇಳುತ್ತಿದ್ದಾಳೆ ಎಂದೆ.

ಅವರು ಪಾಠ ಮೂಡುತ್ತಿದ್ದ ಪರದೆಯ ಕಡೆ ನೋಡಿದರು. "ಅದನ್ನು ನೀವೇ ಹೇಳಬೇಕು, ಮೇಡಂ" ಎಂದರು.

ನಾನು ಅವಳ ಕಡೆ ತಿರುಗಿದೆ. "ಹುಷಾರಿಲ್ದಾಗ ಬರ್ಬೇಡ. ಕೂಲಿ ಹಿಡಿಯಲ್ಲ. ಬೇರೆಯವರನ್ನೂ ನೋಡಲ್ಲ."

"ಎಲ್ಲಾರೂ ಕೇಳಿಸ್ಕೊಂಡ್ರಿಲ್ರಿ?" ಎಂದು ಅವಳು ಹಿಂದಿನ ಸಾಲನ್ನು ಕೇಳಿದಳು. ಹೆಂಗಸರು ಹೂಂ ಅಂದರು. ಅಂಗಡಿಯವರು ರೊಟ್ಟಿ ಕೊಳ್ಳುವುದನ್ನು ಬಿಡಲಿಲ್ಲ.

ಮೊನ್ನೆ ಮಧ್ಯಾಹ್ನ ಮತ್ತೆ ಫೋನು ಮಾಡಿದಳು, ವಾಂತಿಯಾಗ್ತೈತ್ರಿ ಎಂದು. ನಿಜವೋ ಸುಳ್ಳೋ ಎಂಬ ಯೋಚನೆ ಒಂದು ಕ್ಷಣ ಬಂತು, ದೇವರು ಕ್ಷಮಿಸಲಿ. "ಮಲಗು, ಎದ್ದು ಓಡಾಡ್ಬೇಡ" ಅಂದೆ. ಮರುದಿನಕ್ಕೆ ರೊಟ್ಟಿ ಹೇಳಿದ್ದ ಅರೆಕೆರೆಯ ಮನೆಯವರಿಗೆ ಫೋನು ಮಾಡಿ, ನಾಳೆ ಕೊಡಲಾಗುವುದಿಲ್ಲ ಎಂದು ಹೇಳಿದೆ.

"ಹಿಂದಿನ ದಿನ ಹೇಳಿದ್ರೆ ನಾವೆಲ್ಲಿಗೆ ಹೋಗೋಣ ಆಂಟಿ? ನಿಮ್ಮನ್ನ ನಂಬಿದ್ವಲ್ಲ" ಎಂದು ಆ ಮನೆಯ ಹೆಣ್ಣುಮಗಳು ಬೈದಳು. ಬೈಸಿಕೊಂಡೆ. ಇನ್ನು ಅವರು ನಮ್ಮ ಕಡೆ ಬರುತ್ತಾರೋ ಇಲ್ಲವೋ. ಹಾಲ್, ರೂಮು, ಮತ್ತೆ ಹಾಲ್ ಎಂದು ಸುಮ್ಮನೆ ಓಡಾಡಿದೆ. ದೋಸೆಗೆ ಅಕ್ಕಿ ನೆನೆಹಾಕುವುದು ಬಾಕಿಯಿತ್ತು. ಪಾವು ತೆಗೆದುಕೊಂಡು ಅಕ್ಕಿ ಅಳೆಯಲು ಹೋದೆ.